ಬಿಸಿನೀರಿನ ಹೀಟರ್ ಕೆಟ್ಟಾಗ: ರಿಪೇರಿಯೋ, ಹೊಸದೋ?

ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ ನಸುಕಿನಲ್ಲೇ ಮಣ್ಣೂರಿನಿಂದ ಹೊರಟು ಭೀಮಾ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆ. ಸಂಘದ ಸದಸ್ಯೆಯೊಬ್ಬರು ಹಿಂದಿನ ರಾತ್ರಿ ಫೋನ್ ಮಾಡಿದ್ದರು. "ಎಮ್ಮಿ ನಾಕ್ ದಿನದಿಂದ ಹಾಲ ಇಳಸವಲ್ದುರಿ ಮೇಡಮ್ಮರ. ಕೆಚ್ಚಲ ತೊಳಿಲಾಕ ಹೋದ್ರ ಒದಿತದ. ಹಿಂಗ ಎಂದೂ ಮಾಡಿದ್ದಿಲ್ರಿ."

ಕೆಚ್ಚಲು ಬಾವು ಇರಬಹುದು ಎಂದುಕೊಂಡೇ ಹೋದೆ. ಜ್ವರ ನೋಡಿದೆ, ಇರಲಿಲ್ಲ. ಕೆಚ್ಚಲು ಮೆತ್ತಗಿತ್ತು. ನಾಲ್ಕೂ ಮೊಲೆಯ ಹಾಲು ಹಿಂಡಿ ಪರೀಕ್ಷೆ ಮಾಡಿದೆ, ಗಂಟಿಲ್ಲ, ನೀರಾಗಿಲ್ಲ. ಎಮ್ಮೆ ಮೇವನ್ನೂ ಚೆನ್ನಾಗಿ ತಿನ್ನುತ್ತಿತ್ತು. ರೋಗವೇ ಇಲ್ಲದ ಎಮ್ಮೆ ಯಾಕೆ ಒದೆಯುತ್ತದೆ ಎಂದು ನಿಂತು ಸುತ್ತ ನೋಡುವಾಗ ಕೊಟ್ಟಿಗೆಯ ಕಂಬದ ಪಕ್ಕ ಒಂದು ಕಬ್ಬಿಣದ ಬಕೆಟ್ ಕಂಡಿತು. ಅದರಲ್ಲಿ ನೀರು ಕಾಯಿಸುವ ರಾಡ್ ಇಳಿಬಿಟ್ಟಿತ್ತು. ವೈರು ಮನೆಯೊಳಗಿಂದ ಕಿಟಕಿಯ ಸಂದಿಯಲ್ಲಿ ಬಂದಿತ್ತು. ಬಕೆಟ್‌ನಿಂದ ಚೆಲ್ಲಿದ ನೀರು ಎಮ್ಮೆಯ ಹಿಂಗಾಲಿನವರೆಗೆ ಹರಿದಿತ್ತು.

ಅವರ ಮಗನ ಕೈಲಿ ಟೆಸ್ಟರ್ ತರಿಸಿ ಬಕೆಟ್‌ಗೆ ಮುಟ್ಟಿಸಿದೆ. ಕೆಂಪು ದೀಪ ಹತ್ತಿತು.

ಆ ತಾಯಿ ರಬ್ಬರ್ ಚಪ್ಪಲಿ ಹಾಕಿದ್ದರು, ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಎಮ್ಮೆಗೆ ಚಪ್ಪಲಿ ಎಲ್ಲಿಂದ ಬರಬೇಕು? ಅದು ಹಸಿ ನೆಲದ ಮೇಲೆ ಬರಿಗೊರಸಿನಲ್ಲಿ ನಿಂತಿರುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಮೂರು ನಾಲ್ಕು ಅಡಿ ಅಂತರ ಇರುವುದರಿಂದ ನೆಲದಲ್ಲಿ ಹರಿಯುವ ಕರೆಂಟ್ ಒಂದು ಕಾಲಿನಿಂದ ಹತ್ತಿ, ಎದೆಯನ್ನು ದಾಟಿ, ಇನ್ನೊಂದು ಕಾಲಿಗೆ ಇಳಿಯುತ್ತದೆ. ಹೀಗಾಗಿ ನಮಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆಯೂ ದನಕ್ಕೆ ಚುರುಕ್ ಎನ್ನಿಸುತ್ತದೆ. ಹಿಂಡುವ ಹೊತ್ತಿಗೆ ಒದೆಯುವುದು, ಹಾಲು ಮೇಲೆ ಹಿಡಿದುಕೊಳ್ಳುವುದು, ನೀರಿನ ತೊಟ್ಟಿಗೆ ಬಾಯಿ ಹಚ್ಚಿ ಹಿಂದೆ ಸರಿಯುವುದು, ಇವೆಲ್ಲ ಅದರ ಲಕ್ಷಣಗಳು.

ಮೊದಲು ಮೇನ್ ಬಂದ್ ಮಾಡಿಸಿ, ಆಮೇಲೆ ಪ್ಲಗ್ ಕೀಳಿಸಿದೆ. ಅವರು ಹೇಳಿದರು: "ಬಚ್ಚಲದಾಗಿನ ಹೀಟರ್ ಕೆಟ್ಟದರಿ. ಅದಕ್ಕ ಈ ರಾಡ್ ತಂದ್ವಿ. ಮೆಕ್ಯಾನಿಕ್ ನೋಡಿ ಒಗದುಬಿಡ್ರಿ ಅಂದ. ಮಗ ಇಪ್ಪತ್ತೈದು ಲೀಟರಿಂದು ಹೊಸಾದು ತರೂಣು ಅಂತಾನ. ಈ ಸಲದ ಹಾಲಿನ ಬಿಲ್ಲಿನಾಗ ನಾ ಕೊಟ್ಟಿಗಿಗೆ ರಬ್ಬರ್ ಮ್ಯಾಟ್ ತರಬೇಕಂತ ಇಟ್ಟೀನಿ. ನೀವೇ ಹೇಳ್ರಿ, ಏನ್ ಮಾಡ್ಲಿ?"

ನಾನು ಪಶುವೈದ್ಯೆ, ಹೀಟರ್ ಮೆಕ್ಯಾನಿಕ್ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಕಸುಬಿನಿಂದ ದೂರದ್ದಲ್ಲ. ಹೀಟರ್ ಕೆಟ್ಟ ಮನೆಯಲ್ಲಿ ಸ್ನಾನದ ಬಿಸಿನೀರು ಹೇಗೋ ಒದಗುತ್ತದೆ. ಮೊದಲು ನಿಂತುಹೋಗುವುದು ಹಾಲಿನ ಪಾತ್ರೆ ತೊಳೆಯುವ ಬಿಸಿನೀರು. ಚಳಿಗಾಲದಲ್ಲೂ ಯಾವ ಮನೆಯ ಹಾಲು ಎಂಬಿಆರ್‌ಟಿ ಪರೀಕ್ಷೆಯಲ್ಲಿ ಬೇಗ ಬಣ್ಣ ಕಳೆದುಕೊಳ್ಳುತ್ತದೋ ಆ ಮನೆಯ ಕ್ಯಾನಿನ ಕುತ್ತಿಗೆಯೊಳಗೆ ಬೆರಳಾಡಿಸಿ ನೋಡುವುದು ನನ್ನ ರೂಢಿ. ಹಳದಿ ಬಣ್ಣದ ಜಿಡ್ಡು ಪದರ ಕೈಗೆ ಸಿಗುತ್ತದೆ. ತಣ್ಣೀರಿಗೆ ಅದು ಹೋಗುವುದಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹಾಲು ಸುರಿದ ಕೂಡಲೇ ಪಾತ್ರೆಗೆ ಬಿಸಿನೀರು ಹಾಕಬೇಡಿ. ಹಾಕಿದರೆ ಹಾಲಿನ ಪ್ರೋಟೀನ್ ಲೋಹಕ್ಕೆ ಅಂಟಿ ಕೂರುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ. ಆಮೇಲೆ ಕೈ ತಡೆಯುವಷ್ಟು ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಬ್ರಷ್‌ನಿಂದ ಉಜ್ಜಿ. ಕೊನೆಗೆ ಚೆನ್ನಾಗಿ ಕಾದ ನೀರಿನಲ್ಲಿ ಗಲಬರಿಸಿ ಬಿಸಿಲಿಗೆ ಬೋರಲು ಹಾಕಿ. ಒಂದು ಹೊತ್ತಿಗೆ ಐದಾರು ಲೀಟರ್ ಬಿಸಿನೀರು ಸಾಕು. ಕೆಚ್ಚಲು ತೊಳೆಯಲು ಉಗುರುಬೆಚ್ಚಗಿನದು ಒಂದು ತಂಬಿಗೆ. ಎಮ್ಮೆ, ಆಕಳು ಈದ ದಿನ ಕುಡಿಸುವ ಬೆಲ್ಲದ ಬೆಚ್ಚನೆಯ ನೀರು ಬೇರೆ ಲೆಕ್ಕ.

ರಾಡ್‌ಗೆ ರಿಪೇರಿ ಇಲ್ಲ

ಎರಡು ವರ್ಷದ ಹಿಂದೆ ಇನ್ನೊಂದು ಹಳ್ಳಿಯಲ್ಲಿ ತುಂಬು ಗಬ್ಬದ ಎಮ್ಮೆಯೊಂದರ ಮರಣೋತ್ತರ ಪರೀಕ್ಷೆ ಮಾಡಬೇಕಾಯಿತು. ತಗಡಿನ ಡ್ರಮ್ಮಿನಲ್ಲಿ ರಾಡ್ ಹಾಕಿ ನೀರು ಕಾಯಲು ಬಿಟ್ಟಿದ್ದರು. ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ಡ್ರಮ್ಮಿಗೆ ಬಾಯಿ ಹಚ್ಚಿತ್ತು. ಬಿದ್ದ ಜಾಗದಲ್ಲೇ ಹೋಗಿತ್ತು. ಹೊಟ್ಟೆಯಲ್ಲಿ ಇನ್ನೇನು ಹುಟ್ಟಬೇಕಾಗಿದ್ದ ಹೆಣ್ಣು ಕರು. ಆ ರಾಡ್ ಒಮ್ಮೆ ಸುಟ್ಟು ಸಂತೆಯಲ್ಲಿ ಬೆಸುಗೆ ಹಾಕಿಸಿಕೊಂಡು ಬಂದದ್ದಂತೆ. ಐದು ನಿಮಿಷ ಮೊದಲು ಅದೇ ಡ್ರಮ್ಮಿನಿಂದ ಮನೆಯ ಸೊಸೆ ಒಂದು ತಂಬಿಗೆ ನೀರು ತೋಡಿಕೊಂಡು ಹೋಗಿದ್ದಳು ಎಂದು ಅತ್ತೆ ನನಗೆ ಮೂರು ಸಲ ಹೇಳಿದರು. ಎಮ್ಮೆ ಹೋದ ದುಃಖಕ್ಕಿಂತ ಆ ಐದು ನಿಮಿಷ ಅವರನ್ನು ಹೆಚ್ಚು ನಡುಗಿಸಿತ್ತು.

ರಾಡ್‌ನ ಒಳಗೆ ಸುರುಳಿ ತಂತಿ ಇರುತ್ತದೆ. ಅದರ ಸುತ್ತ ಕರೆಂಟ್ ದಾಟದ ಹಾಗೆ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿ, ಮೇಲೆ ಲೋಹದ ಕೊಳವೆ ಹಾಕಿರುತ್ತಾರೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಪುಡಿಗೆ ಇಳಿಯುತ್ತದೆ, ಕರೆಂಟ್ ಹೊರಗೆ ಬರುತ್ತದೆ. ಮೇಲೆ ಬೆಸುಗೆ ಹಾಕಿದರೆ ಬಿರುಕು ಮುಚ್ಚಬಹುದು, ಒಳಗೆ ಹಸಿಯಾದ ಪುಡಿ ಒಣಗುವುದಿಲ್ಲ. ಆದ್ದರಿಂದ ಕೆಟ್ಟ ರಾಡ್ ಗುಜರಿಗೆ ಹೋಗಬೇಕು. ಹೊಸದನ್ನು ತಂದರೂ ಐಎಸ್‌ಐ ಗುರುತು ನೋಡಿ ತನ್ನಿ, ಪ್ಲಾಸ್ಟಿಕ್ ಬಕೆಟ್‌ನಲ್ಲೇ ಹಾಕಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಕೊಟ್ಟಿಗೆಗಂತೂ ಅದನ್ನು ಒಯ್ಯಲೇಬೇಡಿ. 1500 ವ್ಯಾಟಿನ ರಾಡ್ ಆರೂವರೆ ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್‌ಗೆ ಅದು ಭಾರ.

ಬಚ್ಚಲ ಗೋಡೆಯ ಹೀಟರ್

ಇದರ ಮಾತು ಬೇರೆ. ಇದನ್ನು ಬಿಚ್ಚಬಹುದು, ಬಿಡಿಭಾಗ ಬದಲಿಸಬಹುದು. ಆದರೆ ಮೆಕ್ಯಾನಿಕ್ "ಕೆಟ್ಟದ" ಎಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಎಲ್ಲಿ ಕೆಟ್ಟಿದೆ? ಎಮ್ಮೆಯ ಒಂದು ಮೊಲೆ ಬತ್ತಿದರೆ ಅದನ್ನು ಕಟುಕನಿಗೆ ಕೊಡುತ್ತೇವೆಯೇ? ಉಳಿದ ಮೂರು ಮೊಲೆ ಹೇಗಿವೆ, ಎಷ್ಟನೇ ಸೂಲು, ದಿನಕ್ಕೆ ಎಷ್ಟು ಹಾಲು ಎಂದು ಲೆಕ್ಕ ಹಾಕುತ್ತೇವೆ. ಹಾಗೆಯೇ ಇದೂ.

ಅವತ್ತು ಆ ಮನೆಯವರ ಒಪ್ಪಿಗೆ ಪಡೆದು ಅಫಜಲಪುರದಿಂದ ಬೇರೆ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆವು. ಆತ ಹೀಟರನ್ನು ಇಳಿಸಿ ತಳದ ಮುಚ್ಚಳ ಬಿಚ್ಚಿದ. ಒಳಗಿಂದ ಒಂದು ಬೊಗಸೆ ಬಿಳಿ ಹೆಂಟೆ ಉದುರಿತು. ಕಾಯಿಲ್ ಕಾಣುತ್ತಲೇ ಇರಲಿಲ್ಲ, ಸುಣ್ಣದ ಕೋಲಿನ ಹಾಗೆ ಬಿಳಿಚಿಕೊಂಡಿತ್ತು. ಆ ತಾಯಿ ನೋಡಿ, "ಅಯ್ಯ, ಇದು ನಮ್ಮ ಬೋರಿನ ಸವಳು ನೀರಿನ ಉಪ್ಪಲ್ರೀ!" ಎಂದರು. ಅವರ ಊಹೆ ಸರಿ. ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ನೀರು ಕಾದಂತೆ ಹೊರಬಂದು, ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಕೂರುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ದಿನಾ ಚಹಾದ ನೀರು ಕಾಯಿಸಿದರೆ ತಳ ಬೆಳ್ಳಗಾಗುವುದಿಲ್ಲವೇ, ಅದೇ ಇದು. ಸುಣ್ಣದ ಹೊದಿಕೆ ದಪ್ಪವಾದಂತೆ ಕಾಯಿಲ್‌ನ ಬಿಸಿ ನೀರಿಗೆ ಇಳಿಯುವುದಿಲ್ಲ. ಕಾಯಿಲ್ ತನ್ನ ಬಿಸಿಯಲ್ಲೇ ಬೆಂದು ಸಿಡಿಯುತ್ತದೆ. ಹೀಟರ್ ಮುಟ್ಟಿದರೆ ಜುಮ್ ಎನ್ನುವುದಕ್ಕೂ ಸಾಮಾನ್ಯವಾಗಿ ಈ ಸಿಡಿದ ಕಾಯಿಲ್ಲೇ ಕಾರಣ.

ಕಾಯಿಲ್, ಥರ್ಮೋಸ್ಟಾಟ್, ತಳದ ರಬ್ಬರ್ ಗ್ಯಾಸ್ಕೆಟ್, ಇವಿಷ್ಟೇ ಕೆಟ್ಟಿದ್ದರೆ ರಿಪೇರಿ ಮಾಡಿಸಿ. ಒಳಗಿನ ಟ್ಯಾಂಕೇ ತೂತಾಗಿದ್ದರೆ ಒಂದು ರೂಪಾಯಿಯನ್ನೂ ಅದಕ್ಕೆ ಹಾಕಬೇಡಿ. ಗುರುತಿಸುವುದು ಕಷ್ಟವಲ್ಲ. ನಳದಲ್ಲಿ ತುಕ್ಕಿನ ಕೆಂಪು ನೀರು ಬರುತ್ತಿದ್ದರೆ, ಹೊರಗಿನ ಕವಚದ ಹೊಲಿಗೆಯಿಂದ ನೀರು ಜಿನುಗುತ್ತಿದ್ದರೆ ಟ್ಯಾಂಕಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಿರಿ. ಎಂ-ಸೀಲ್ ಮೆತ್ತಿದರೆ ಹದಿನೈದು ದಿನ ನಿಲ್ಲಬಹುದು, ಅಷ್ಟೇ. ಆದರೆ ತಣ್ಣೀರು ಒಳಹೋಗುವ ಪೈಪಿನ ಹತ್ತಿರ ಇರುವ ಸಣ್ಣ ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ಸೋರಿಕೆ ಅಲ್ಲ. ಕಾದ ನೀರು ಹಿಗ್ಗುತ್ತದೆ, ಹೆಚ್ಚಾದ ಒತ್ತಡ ಅಲ್ಲಿಂದ ಹೊರಹೋಗುತ್ತದೆ. ಒಂದು ಮನೆಯಲ್ಲಿ ಅದಕ್ಕೆ ಕಟ್ಟಿಗೆಯ ಬೆಣೆ ಬಡಿದು ಬಂದ್ ಮಾಡಿದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಆ ದಾರಿ ಮುಚ್ಚಿದರೆ, ಥರ್ಮೋಸ್ಟಾಟ್ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯಬಹುದು.

ಟ್ಯಾಂಕಿನೊಳಗೆ ಮೆಗ್ನೀಸಿಯಮ್ ಲೋಹದ ಒಂದು ಕಡ್ಡಿಯೂ ಇರುತ್ತದೆ. ತುಕ್ಕು ಟ್ಯಾಂಕನ್ನು ಬಿಟ್ಟು ಮೊದಲು ಆ ಕಡ್ಡಿಯನ್ನು ತಿನ್ನಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಸವಳು ನೀರಿನಲ್ಲಿ ಅದು ಬೇಗ ಸವೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಸವೆದಿದ್ದರೆ ಬದಲಿಸಿದರೆ ಟ್ಯಾಂಕ್ ಬಾಳುತ್ತದೆ. ಈ ಕಡ್ಡಿಯ ಹೆಸರನ್ನು ಎತ್ತುವ ಮೆಕ್ಯಾನಿಕ್ ಕಡಿಮೆ. ನೀವೇ ಕೇಳಿ.

ಈಗ ನನ್ನದೇ ದಡ್ಡತನವೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬಾಡಿಗೆ ಮನೆಯ ಹೀಟರ್ ಮುಂಜಾನೆ ನೀರನ್ನು ಬೇಗ ಕಾಯಿಸುತ್ತಿರಲಿಲ್ಲ. ರಿಪೇರಿಯವನು ಹಳೆಯದಾಗಿದೆ ಎಂದ. ನಾನು ನಂಬಿ ಹೊಸದು ತಂದೆ. ಹೊಸದೂ ಅಷ್ಟೇ ಹೊತ್ತು ತೆಗೆದುಕೊಂಡಿತು! ಆಮೇಲೆ ಗೊತ್ತಾಯಿತು, ತಪ್ಪು ಹೀಟರಿನದಲ್ಲ, ವೋಲ್ಟೇಜಿನದು. ಮುಂಜಾನೆ ಸುತ್ತಲಿನ ಪಂಪ್‌ಸೆಟ್ ಶುರುವಾದಾಗ 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿಯುತ್ತಿತ್ತು. ವೋಲ್ಟೇಜ್ 180ಕ್ಕೆ ಇಳಿದರೆ ಹೀಟರಿನ ಶಕ್ತಿ 2000 ವ್ಯಾಟ್‌ನಿಂದ ಸುಮಾರು 1200ಕ್ಕೆ ಬೀಳುತ್ತದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂವತ್ತೈದು ನಿಮಿಷ ಬೇಕಾಗುತ್ತದೆ. ಮಧ್ಯಾಹ್ನ ವೋಲ್ಟೇಜ್ ಸರಿ ಇರುವಾಗ ಒಮ್ಮೆ ಹಚ್ಚಿ ಗಡಿಯಾರ ನೋಡಿದ್ದರೆ ನನ್ನ ಆರೇಳು ಸಾವಿರ ರೂಪಾಯಿ ಉಳಿಯುತ್ತಿತ್ತು. 15 ಲೀಟರಿನ, 2000 ವ್ಯಾಟಿನ ಹೀಟರ್ ಚಳಿಗಾಲದ ತಣ್ಣೀರನ್ನು 60 ಡಿಗ್ರಿಗೆ ಒಯ್ಯಲು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು. ಮಧ್ಯಾಹ್ನ ಇಷ್ಟರಲ್ಲಿ ಕಾದರೆ ನಿಮ್ಮ ಹೀಟರ್ ಗಟ್ಟಿಯಾಗಿದೆ.

ಬಿಲ್ಲಿನ ಲೆಕ್ಕ

15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 0.7 ಯೂನಿಟ್. ಹೀಟರ್ ಹೊಸದಿರಲಿ ಹಳೆಯದಿರಲಿ, ನೀರು ಕಾಯಲು ಬೇಕಾದ ಕರೆಂಟ್ ಅಷ್ಟೇ. ಮುಂಜಾನೆ ಎರಡು ಸಲ, ಸಂಜೆ ಒಂದು ಸಲ ಟ್ಯಾಂಕ್ ಕಾಯಿಸಿದರೆ ದಿನಕ್ಕೆ ಎರಡು ಯೂನಿಟ್ ಚಿಲ್ಲರೆ, ತಿಂಗಳಿಗೆ ಅರವತ್ತರ ಮೇಲೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ "ಕರೆಂಟ್ ಪುಕ್ಕಟೆ ಅದ, ಎಷ್ಟರ ಸುಡ್ಲಿ" ಎನ್ನುವವರಿದ್ದಾರೆ. ಆದರೆ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಜೆಸ್ಕಾಂ ಬಿಲ್ಲು ಒಮ್ಮೆ ತೆಗೆದು ನೋಡಿ. ಮಗ ಹೇಳಿದ ಇಪ್ಪತ್ತೈದು ಲೀಟರಿನದನ್ನು ತಂದರೆ ಎರಡು ತಂಬಿಗೆ ನೀರಿಗೂ ಇಪ್ಪತ್ತೈದು ಲೀಟರ್ ಕಾಯಬೇಕು.

ಹಾಗಾದರೆ ಐದು ಸ್ಟಾರಿನ ಹೀಟರ್ ಕರೆಂಟ್ ಉಳಿಸುವುದಿಲ್ಲವೇ ಎಂದು ಕೇಳುತ್ತೀರಿ. ಸ್ಟಾರ್ ಹೇಳುವುದು ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎಂಬುದನ್ನು. ಹೀಟರ್ ದಿನವಿಡೀ ಹಚ್ಚಿಡುವ ಮನೆಗೆ ಅದರ ಲಾಭ ಹೆಚ್ಚು. ಬೇಕಾದಾಗ ಅರ್ಧ ತಾಸು ಹಚ್ಚಿ ಆರಿಸುವ ನಮ್ಮಂಥವರು ಬರೀ ಸ್ಟಾರಿಗಾಗಿ ಗಟ್ಟಿಮುಟ್ಟಾದ ಹಳೆಯದನ್ನು ಎಸೆಯುವುದರಲ್ಲಿ ಅರ್ಥವಿಲ್ಲ.

ನನ್ನ ಲೆಕ್ಕ ಹೀಗಿದೆ. ಟ್ಯಾಂಕ್ ಗಟ್ಟಿ ಇದ್ದು, ರಿಪೇರಿ ಖರ್ಚು ಹೊಸದರ ಬೆಲೆಯ ಮೂರನೇ ಒಂದು ಭಾಗದೊಳಗೆ ಇದ್ದರೆ ರಿಪೇರಿ. ಅರ್ಧ ದಾಟಿದರೆ, ಅಥವಾ ಎರಡು ವರ್ಷದಲ್ಲಿ ಮೂರನೇ ಸಲ ಕೈಕೊಟ್ಟರೆ ಹೊಸದು. ಎರಡರ ನಡುವೆ ಬಂದರೆ ಎಷ್ಟು ವರ್ಷ ಹಳೆಯದು ಎಂದು ನೋಡಿ, ಎಂಟು ಹತ್ತು ವರ್ಷ ದುಡಿದದ್ದಾದರೆ ಬಿಟ್ಟುಬಿಡಿ. ಟ್ಯಾಂಕಿನ ಗ್ಯಾರಂಟಿ ಬೇರೆ, ಕಾಯಿಲ್‌ನ ಗ್ಯಾರಂಟಿ ಬೇರೆ ಇರುತ್ತದೆ. ರಸೀದಿ ಹುಡುಕಿ ನೋಡದೆ ದುಡ್ಡು ಬಿಚ್ಚಬೇಡಿ. ರಸೀದಿಯನ್ನು ಹಾಲಿನ ಪಾಸ್‌ಬುಕ್ಕಿನ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಗಂಡಸರ ಕೈಗೆ ಕೊಟ್ಟ ರಸೀದಿ ಬೇಕಾದಾಗ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹೊಸದನ್ನೇ ತರುವುದಾದರೂ ಹಳೆಯದು ಯಾಕೆ ಸತ್ತಿತು ಎಂದು ತಿಳಿಯದೆ ತರಬೇಡಿ. ಅದೇ ಸವಳು ನೀರು, ಅದೇ ಅರ್ಥಿಂಗ್ ಇಲ್ಲದ ಪಾಯಿಂಟ್ ಇದ್ದರೆ ಹೊಸದಕ್ಕೂ ಅದೇ ಗತಿ. ಥರ್ಮೋಸ್ಟಾಟನ್ನು 55–60 ಡಿಗ್ರಿ ದಾಟಲು ಬಿಡಬೇಡಿ, ಅದರ ಮೇಲೆ ಹೋದಷ್ಟೂ ಸುಣ್ಣ ಹೆಚ್ಚು ಕೂರುತ್ತದೆ. ವರ್ಷಕ್ಕೊಮ್ಮೆ ದೀಪಾವಳಿಯ ಮುಂಚೆ, ಚಳಿ ಶುರುವಾಗುವ ಮೊದಲು, ಮೆಕ್ಯಾನಿಕ್‌ನಿಂದ ಬಿಚ್ಚಿಸಿ ಟ್ಯಾಂಕ್ ತೊಳೆಸಿ. ಕಾಯಿಲ್‌ನ ಸುಣ್ಣವನ್ನು ಚಾಕುವಿನಿಂದ ಕೆರೆಯಬಾರದು. ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಕೆಲವು ತಾಸು ನೆನೆಹಾಕಿದರೆ ತಾನೇ ಬಿಡುತ್ತದೆ. ಅಡುಗೆಯ ನಿಂಬೆ ಉಪ್ಪೇ ಸಾಕು.

ಅರ್ಥಿಂಗ್ ವಿಷಯದಲ್ಲಿ ಮಾತ್ರ ಉಳಿತಾಯದ ಮಾತೇ ಬೇಡ. ಮೂರು ಪಿನ್ನಿನ 16 ಆಂಪಿಯರ್ ಪಾಯಿಂಟ್, ಮನೆ ಹಿಂದೆ ಅರ್ಥಿಂಗ್ ಗುಂಡಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಕರೆಂಟ್ ಸ್ವಲ್ಪ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಮೇನ್ ಬೀಳಿಸುವ ಸಾಧನ ಈ ಆರ್‌ಸಿಸಿಬಿ. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರಿದು ಒಣಗುತ್ತದೆ, ಅರ್ಥಿಂಗ್ ಗುಂಡಿಗೆ ವಾರಕ್ಕೊಂದೆರಡು ಕೊಡ ನೀರು ಹಾಕುತ್ತಿರಿ. ದನ ಕರೆಂಟ್ ಹಿಡಿದು ಬಿದ್ದದ್ದು ಕಂಡರೆ ಓಡಿಹೋಗಿ ಮುಟ್ಟಬೇಡಿ, ಮೊದಲು ಮೇನ್ ತೆಗೆಯಿರಿ. ಕಂಬದಿಂದಲೇ ಕರೆಂಟ್ ಬರುತ್ತಿದ್ದರೆ 1912ಕ್ಕೆ ಫೋನ್ ಮಾಡಿ.

ತಾಮ್ರದ ಬಂಬ ಮಾರಬೇಡಿ

ನಮ್ಮ ಕಡೆಯ ಹಳೆಯ ಮನೆಗಳ ಮೂಲೆಯಲ್ಲಿ ನಡುವೆ ಕೊಳವೆ ಇರುವ ತಾಮ್ರದ ಬಂಬ ಇನ್ನೂ ಬಿದ್ದಿರುತ್ತದೆ. ಸೋರುತ್ತದೆ ಎಂದು ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಯೋಚಿಸಿ. ತಾಮ್ರಕ್ಕೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ತೊಗರಿ ಕಟ್ಟಿಗೆಗೆ ಏನು ಕಡಿಮೆ? ಕಲಬುರಗಿ ತೊಗರಿಬೇಳೆಗೆ ಜಿಐ ಗುರುತು ಸಿಕ್ಕಿದೆ, ಅದರ ಕಟ್ಟಿಗೆ ಬಚ್ಚಲ ನೀರು ಕಾಯಿಸಿದರೆ ಗೌರವವೇನೂ ಕಡಿಮೆಯಾಗದು. ಹೊಗೆ ಹೊರಗೆ ಹೋಗುವ ಹಾಗೆ ಬಯಲಲ್ಲಿ ಇಟ್ಟು ಉರಿಸಿ. ಕರೆಂಟ್ ಇಲ್ಲದ ದಿನವೂ ಕ್ಯಾನ್ ತೊಳೆಯಲು ಬಿಸಿನೀರು ಸಿಗುತ್ತದೆ. ಹಾಲನ್ನು ಮಾತ್ರ ತಾಮ್ರದ ಪಾತ್ರೆಗೆ ಹಾಕಬೇಡಿ, ಕೊಬ್ಬು ಕೆಟ್ಟು ವಾಸನೆ ಬರುತ್ತದೆ.

ಸೋಲಾರ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಮ್ಮ ಬಿಸಿಲಿಗೆ ಅದು ಹೇಳಿ ಮಾಡಿಸಿದ್ದು. ಸಂಜೆಯ ಬಿಸಿನೀರು ಟ್ಯಾಂಕಿನಲ್ಲಿ ನಿಂತು ಮುಂಜಾನೆ ಐದರ ಹಿಂಡುವಿಕೆಗೂ ಒದಗುತ್ತದೆ. ಗಾಜಿನ ಕೊಳವೆ ಒಡೆದರೆ ಅದೊಂದನ್ನೇ ಬದಲಿಸಬಹುದು. ಆದರೆ ಸವಳು ನೀರಿನ ಕಾಟ ಅಲ್ಲೂ ತಪ್ಪಿದ್ದಲ್ಲ, ಕೊಳವೆಯ ತಳದಲ್ಲಿ ಸುಣ್ಣ ಕೂರುತ್ತದೆ. ಇನ್ನು ಗ್ಯಾಸ್ ಹೀಟರನ್ನು ಕಿಟಕಿಯಿಲ್ಲದ ಬಚ್ಚಲಲ್ಲಿ ಹಾಕಿಸಲೇಬೇಡಿ. ವಾಸನೆಯೇ ಇಲ್ಲದ ವಿಷಗಾಳಿ ತುಂಬಿ ಜೀವ ಹೋಗುತ್ತದೆ.

ಆ ತಾಯಿಯ ಹೀಟರ್ ಕಥೆ ಹೇಳಿ ನಿಲ್ಲಿಸುತ್ತೇನೆ. ಟ್ಯಾಂಕಿಗೆ ಟಾರ್ಚ್ ಹಿಡಿದು ನೋಡಿದೆವು, ಗಟ್ಟಿಯಾಗಿತ್ತು. ಹೀಟರಿಗೆ ಆರು ವರ್ಷ. ಕಾಯಿಲ್, ಗ್ಯಾಸ್ಕೆಟ್, ಮೆಗ್ನೀಸಿಯಮ್ ಕಡ್ಡಿ, ಕೂಲಿ ಎಲ್ಲ ಸೇರಿ 1,400 ರೂಪಾಯಿ ಆಯಿತು. ಹೊಸದಕ್ಕೆಂದು ಮಗ ಎತ್ತಿಟ್ಟಿದ್ದ ದುಡ್ಡಿನಲ್ಲಿ ಅರ್ಥಿಂಗ್ ಗುಂಡಿ ತೋಡಿಸಿ ಆರ್‌ಸಿಸಿಬಿ ಕೂರಿಸಿದರು. ಹಾಲಿನ ಬಿಲ್ಲಿನ ದುಡ್ಡು ರಬ್ಬರ್ ಮ್ಯಾಟಿಗೇ ಉಳಿಯಿತು. ರಾಡನ್ನು ಅವರೇ ಕಲ್ಲಿನ ಮೇಲಿಟ್ಟು ಕೊಡಲಿಯಿಂದ ಎರಡು ತುಂಡು ಮಾಡಿದರು. "ಹಂಗೇ ಗುಜರಿಗೆ ಹಾಕಿದ್ರ ಮತ್ತ ಯಾರರ ಬೆಸಿಗಿ ಹಾಕಿ ಮಾರ್ತಾರ" ಎಂದರು.

ಎಮ್ಮೆ ಎರಡು ದಿನ ಅನುಮಾನದಿಂದಲೇ ನಿಂತಿತಂತೆ. ಮೂರನೆಯ ದಿನ ಸಂಜೆ ಫೋನ್ ಬಂತು: "ಇಳಿಸ್ತುರಿ ಮೇಡಮ್ಮರ. ಮೂರು ಲೀಟರ್ ಮ್ಯಾಲ ಒಂದ್ ಚರಗಿ."